ಓದಿದವರ ಹೆಸರು ಹೇಳಿ: ಕನ್ನಡ ಆಡಿಯೋ ಪುಸ್ತಕ ಮಾಡುವವರಿಗೆ ಒಂದು ಬಹಿರಂಗ ಪತ್ರ

ಗೆ,
ಕನ್ನಡದಲ್ಲಿ ಆಡಿಯೋ ಪುಸ್ತಕ ಹೊರತರುತ್ತಿರುವ ಪ್ರಕಾಶಕರಿಗೆ ಮತ್ತು ಆ್ಯಪ್ ನಡೆಸುತ್ತಿರುವವರಿಗೆ

ಮಾನ್ಯರೇ,

ಮೊದಲು ಒಂದು ಥ್ಯಾಂಕ್ಸ್. ಕನ್ನಡದ ಕಥೆ, ಕಾದಂಬರಿ ಕಿವಿಗೆ ಸಿಗುವ ಹಾಗೆ ಮಾಡಿದ್ದೀರಿ. ನಾನು ಶಿಡ್ಲಘಟ್ಟ ತಾಲೂಕಿನವಳು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಪುಸ್ತಕ ಹಿಡಿದು ಕೂರುವಷ್ಟು ಬಿಡುವು ಈ ಕೆಲಸದಲ್ಲಿ ಸಿಗುವುದಿಲ್ಲ. ಕೈ ಸದಾ ಕೆಲಸದಲ್ಲಿ, ಕಿವಿ ಮಾತ್ರ ಖಾಲಿ. ಸೊಪ್ಪು ಹಾಕುವಾಗ, ಹುಳುಗಳ ಹಾಸಿಗೆಯ ಕಸ ತೆಗೆಯುವಾಗ, ಹಣ್ಣಾದ ಹುಳು ಆಯ್ದು ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟಿಗೆ ಬಿಡುವಾಗ ನಿಮ್ಮ ಪುಸ್ತಕಗಳೇ ನನಗೆ ಜೊತೆ. ಹಾಗಾಗಿ ಈ ಪತ್ರವನ್ನು ದುಡ್ಡು ಕೊಟ್ಟು, ದಿನಾ ಕೇಳುವ ಗಿರಾಕಿಯೊಬ್ಬಳ ಮಾತು ಅಂತ ಓದಿಕೊಳ್ಳಿ. ಸುಮ್ನೆ ತಪ್ಪು ಹುಡುಕಲು ಕೂತವಳಲ್ಲ.

ನನ್ನ ದೂರು ಒಂದೇ. ಪುಸ್ತಕವನ್ನು ಯಾರು ಓದಿದ್ದಾರೆ ಅಂತ ನಿಮ್ಮಲ್ಲಿ ಬಹಳ ಮಂದಿ ಹೇಳುವುದಿಲ್ಲ. ಯಾವ ಪುಸ್ತಕವನ್ನು ಯಾರಿಂದ ಓದಿಸಬೇಕು ಅಂತ ಯೋಚಿಸಿದ ಹಾಗೂ ಕಾಣುವುದಿಲ್ಲ. ಹೆಸರು ಹಾಕುವವರು, ಹುಡುಕಿ ಓದಿಸುವವರು ಕೆಲವರಿದ್ದಾರೆ. ಅವರು ಬೇಸರ ಮಾಡಿಕೊಳ್ಳಬೇಡಿ, ಈ ಮಾತು ನಿಮಗಲ್ಲ.

ನಡೆದದ್ದು ಹೇಳುತ್ತೇನೆ. ಆ್ಯಪ್ ಹೆಸರು ಬೇಡ. ವರ್ಷದ ಚಂದಾ ಕಟ್ಟಿದ್ದೆ. ಬಾಗೇಪಲ್ಲಿ ಕಡೆ ನಡೆಯುವ ಒಂದು ಕಥೆ ಅದರಲ್ಲಿ ಸಿಕ್ಕಿತು. ನಮ್ಮ ಜಿಲ್ಲೆಯದು ಅಂತ ಖುಷಿಯಿಂದ ಹಾಕಿದೆ. ಮುಖಪುಟದಲ್ಲಿ ಲೇಖಕರ ಹೆಸರಿತ್ತು, ಚಿತ್ರ ಇತ್ತು, ಎಷ್ಟು ಗಂಟೆ ಅಂತ ಇತ್ತು. ಓದಿದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಇರಲಿ ಅಂದುಕೊಂಡೆ.

ಬಾಗೇಪಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡ ಊರು. ಅಲ್ಲಿ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಒಂದೇ ವಾಕ್ಯದಲ್ಲಿ ಎರಡೂ ಬರುವುದೂ ಉಂಟು. ಕಥೆ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು, ಹಾಗೇ ಬರೆದಿದ್ದರು. ಒಂದು ಕಡೆ ಅಜ್ಜಿ ಊರು ಬಿಟ್ಟು ಹೊರಟ ಮೊಮ್ಮಗನನ್ನು "ಯಾಡಿಕಿ ಪೋತಾವುರಾ?" ಅಂತ ಕೇಳುತ್ತಾಳೆ. ಎಲ್ಲಿಗೆ ಹೋಗ್ತೀಯೋ ಅಂತ. ಓದಿದವರು ಅದನ್ನು "ಯಾಡಿಕಿಪೋ... ತಾವುರಾ?" ಅಂತ ಮುರಿದರು. ಅಜ್ಜಿ ಮೊಮ್ಮಗನಿಗೆ 'ತಾವು' ಅಂತ ಬಹುವಚನ ಕೊಟ್ಟ ಹಾಗಾಯಿತು! ಹುಳು ಮನೆಯಲ್ಲಿದ್ದ ನಾವೆಲ್ಲ ಗೊಳ್ಳಂತ ನಕ್ಕೆವು. ಕಥೆಯಲ್ಲಿ ಆ ಅಜ್ಜಿ ಆಗ ಅಳುತ್ತಿದ್ದಳು.

ಅದೇ ಅಜ್ಜಿ ಕನ್ನಡ ಮಾತಾಡುವಾಗ ಇನ್ನೂ ಕಷ್ಟ. ಬರೆದವರು ಬರೆಯದಿದ್ದರೂ ಓದಿದವರು "ಏನ್ಲಾ", "ಬಾರ್ಲಾ" ಅಂತ ಸೇರಿಸಿಕೊಂಡು ಓದಿದರು. ಮಂಡ್ಯದ ಕಡೆಯವರ ಬಾಯಲ್ಲಿ ಅದು ಎಷ್ಟು ಚೆಂದ. ಬಾಗೇಪಲ್ಲಿಯ ಅಜ್ಜಿ ಯಾಕೆ ಹಾಗೆ ಮಾತಾಡುತ್ತಾಳೆ? ಸಿನಿಮಾ, ಸೀರಿಯಲ್ ನೋಡಿ ಹಳ್ಳಿ ಅಂದರೆ ಇದೊಂದೇ ದನಿ ಅಂತ ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಕೋಲಾರ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಮುಳಬಾಗಿಲಿನಲ್ಲಿ ತೆಲುಗು ಬೆರೆತ ಕನ್ನಡ. ಕೆಜಿಎಫ್‌ಗೆ ಹೋದರೆ ತಮಿಳು, ಯಾಕೆಂದರೆ ಗಣಿ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ತಮಿಳು ನಾಡಿನವರು. 2001ರಲ್ಲಿ ಗಣಿ ಮುಚ್ಚಿತು, ಮಾತು ಉಳಿಯಿತು. ತುಮಕೂರು ಜಿಲ್ಲೆಯಲ್ಲಿ ಪಾವಗಡದ ಸುತ್ತ ಬಹುಪಾಲು ಆಂಧ್ರವೇ ಇದೆ. ಪಾವಗಡದವರ ಮಾತಿಗೂ ತುರುವೇಕೆರೆಯವರ ಮಾತಿಗೂ ಎಷ್ಟು ದೂರ ಅಂತ ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದರೆ ಸಾಕು, ತಿಳಿಯುತ್ತದೆ. ಶಿರಾ ಕಡೆ ತಮ್ಮ ದೈವ ಜುಂಜಪ್ಪನ ಕಾವ್ಯವನ್ನು ಬಾಯಲ್ಲೇ ಹೊತ್ತು ತಂದ ಕಾಡುಗೊಲ್ಲರ ಮಾತಿನ ಧಾಟಿಯೇ ಬೇರೆ. ಇವರೆಲ್ಲರಿಗೂ ನಿಮ್ಮ ಸ್ಟುಡಿಯೋದಲ್ಲಿ ಒಂದೇ 'ಹಳ್ಳಿ ವಾಯ್ಸ್'.

ಗ್ರಾಹಕರ ವಿಭಾಗಕ್ಕೆ ಬರೆದೆ. ಎಷ್ಟನೇ ನಿಮಿಷದಲ್ಲಿ ಏನು ತಪ್ಪಾಗಿದೆ ಅಂತ ಬಿಡಿಸಿ ಬರೆದೆ. ಓದಿದವರು ಯಾರು ಅಂತಲೂ ಕೇಳಿದೆ. "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ನಮ್ಮ ವೃತ್ತಿಪರ ತಂಡ ಗಮನಿಸಲಿದೆ" ಅಂತ ಉತ್ತರ ಬಂತು. ತಂಡ ಓದಿರಲಿಲ್ಲ ಸ್ವಾಮಿ, ಒಬ್ಬರು ಮನುಷ್ಯರು ಓದಿದ್ದರು. ಮತ್ತೆ ಕೇಳಿದ್ದಕ್ಕೆ ಉತ್ತರವೇ ಇಲ್ಲ.

ನನಗೆ ಆ ಓದಿದವರ ಮೇಲೆ ಕೋಪ ಇಲ್ಲ. ಬಾಗೇಪಲ್ಲಿಯನ್ನು ನೋಡದ ಒಬ್ಬರ ಕೈಗೆ ಪುಸ್ತಕ ಕೊಟ್ಟು, ನಾಳೆಯೊಳಗೆ ಮುಗಿಸಿ ಅಂದರೆ ಅವರಾದರೂ ಏನು ಮಾಡಿಯಾರು? ಲೇಖಕರಿಗೆ ಒಂದು ಫೋನ್ ಮಾಡಿ ಕೇಳುವಷ್ಟು ಹೊತ್ತನ್ನೂ ಅವರಿಗೆ ಕೊಟ್ಟಿರಲಿಕ್ಕಿಲ್ಲ. ಹೆಸರೇ ಇಲ್ಲದ ಕೆಲಸಕ್ಕೆ ಯಾರು ತಾನೇ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ? ಹೆಸರು ಹಾಕಿ ನೋಡಿ. ಚೆನ್ನಾಗಿ ಓದುವವರು ತಾವಾಗಿಯೇ ಫೋನ್ ಮಾಡಿ ಊರಿನ ಹೆಸರು ಹೇಗೆ ಅನ್ನಬೇಕು ಅಂತ ಕೇಳುತ್ತಾರೆ.

ಹೆಸರು ಹಾಕುವುದು ನೀವು ಮಾಡುವ ಉಪಕಾರ ಅಂತಲೂ ತಿಳಿಯಬೇಡಿ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರಲ್ಲಿ ಪ್ರದರ್ಶನ ಕೊಡುವವರು ಅಂದರೆ ಯಾರು ಅಂತ ಒಂದು ಪಟ್ಟಿ ಇದೆ. ನಟರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಜಾದೂ ಮಾಡುವವರು, ಉಪನ್ಯಾಸ ಕೊಡುವವರು. ಅದರಲ್ಲಿ ಹಾವಾಡಿಗರೂ ಇದ್ದಾರೆ, ಇದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಕೊನೆಗೆ, ಪ್ರದರ್ಶನ ಕೊಡುವ ಬೇರೆ ಯಾರಾದರೂ ಅಂತಲೂ ಸೇರಿಸಿದ್ದಾರೆ. 2012ರ ತಿದ್ದುಪಡಿ ಬಂದ ಮೇಲೆ, ಇದು ನನ್ನ ಪ್ರದರ್ಶನ ಅಂತ ಗುರುತಿಸಿಕೊಳ್ಳುವ ಹಕ್ಕು ಇವರಿಗೆಲ್ಲ ಇದೆ. ಬಳಕೆಯ ರೀತಿಯಿಂದಾಗಿ ಹೆಸರು ಬಿಡಬೇಕಾಗಿ ಬಂದರೆ ಮಾತ್ರ ವಿನಾಯಿತಿ. ಏಳೆಂಟು ಗಂಟೆಯ ಪುಸ್ತಕದಲ್ಲಿ ಒಂದು ಹೆಸರು ಹೇಳಲು ಜಾಗ ಇಲ್ಲ ಅಂದರೆ ಯಾರು ನಂಬುತ್ತಾರೆ? ವಕೀಲರು ಇದಕ್ಕೂ ಏನೋ ವಾದ ಹುಡುಕಬಹುದು. ಹಾವಾಡಿಗರಿಗೆ ಇರುವ ಮರ್ಯಾದೆ ಪುಸ್ತಕ ಓದುವವರಿಗೂ ಇರಲಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ನಮ್ಮಲ್ಲಿ ಓದಿ ಹೇಳುವುದು ಹೊಸದೂ ಅಲ್ಲ, ಅನಾಮಧೇಯ ಕೆಲಸವೂ ಅಲ್ಲ. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಇಬ್ಬರ ಹೆಸರೂ ಇರುತ್ತದೆ. ಕುಮಾರವ್ಯಾಸನ ಹೆಸರೊಂದೇ ಹಾಕಿ ಜನ ಸೇರಿಸುವುದಿಲ್ಲ. ಇವತ್ತು ಯಾರ ವಾಚನ ಅಂತ ನೋಡಿಕೊಂಡೇ ಜನ ಬರುತ್ತಾರೆ. ಹರಿಕಥೆಯೂ ಹಾಗೇ, ಕಥೆ ಎಲ್ಲರಿಗೂ ಗೊತ್ತಿರುವುದೇ, ದಾಸರು ಯಾರು ಅನ್ನುವುದೇ ಮುಖ್ಯ. ಹೊರಗಡೆ ನೋಡಿದರೂ ಇದೇ ಪದ್ಧತಿ. ಅಮೆರಿಕದಲ್ಲಿ 1996ರಿಂದ ಆಡಿಯೋ ಪುಸ್ತಕಗಳಿಗೆ 'ಆಡಿ' ಅಂತ ಪ್ರಶಸ್ತಿ ಕೊಡುತ್ತಿದ್ದಾರೆ. ಅದರಲ್ಲಿ ಓದುವವರಿಗೇ ಬೇರೆ ವಿಭಾಗಗಳಿವೆ. ಅಲ್ಲಿನ ಕೇಳುಗರು ಲೇಖಕರನ್ನು ಹುಡುಕುವ ಹಾಗೆ ಓದುವವರ ಹೆಸರನ್ನೂ ಹುಡುಕಿ ಪುಸ್ತಕ ಕೊಳ್ಳುತ್ತಾರೆ. ವ್ಯಾಪಾರದ ಲೆಕ್ಕದಲ್ಲೂ ಹೆಸರು ಮುಚ್ಚಿಡುವುದು ನಿಮಗೇ ನಷ್ಟ ಅಲ್ವಾ?

ಇನ್ನು ಓದುವ ರೀತಿಯ ಬಗ್ಗೆ. ಇದು ನನ್ನ ಅಭಿಪ್ರಾಯ, ಬೇರೆಯವರದು ಬೇರೆ ಇರಬಹುದು.

ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹುಳುಗಳ ಹಸಿವು ಏನು ಅಂತ ಸಾಕಿದವರಿಗೇ ಗೊತ್ತು. ರೆಂಬೆ ರೆಂಬೆಯೇ ತಂದು ಹಾಸುತ್ತೇವೆ. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಕಡಿಯುವ ಕರಕರ ಸದ್ದು ಮನೆ ತುಂಬಾ ಇರುತ್ತದೆ. ಆಗ ಗೊತ್ತಾಗುತ್ತದೆ ಯಾರು ಸರಿಯಾಗಿ ಓದುತ್ತಾರೆ, ಯಾರು ಬರೀ ಉಸಿರು ಬಿಡುತ್ತಾರೆ ಅಂತ. ಈಚೆಗೆ ಒಂದು ಚಾಳಿ ಶುರುವಾಗಿದೆ. ಭಾವುಕ ಜಾಗ ಬಂದರೆ ಸಾಕು, ಮೈಕಿಗೆ ಬಾಯಿ ಇಟ್ಟು ಪಿಸುಗುಟ್ಟುವುದು. ಒಂದು ಅಕ್ಷರವೂ ಕೇಳುವುದಿಲ್ಲ. ಸೌಂಡ್ ಜಾಸ್ತಿ ಮಾಡೋಣ ಅಂದರೆ ಕೈ ತುಂಬಾ ಸುಣ್ಣದ ಪುಡಿ, ಇಲ್ಲ ಸೊಪ್ಪಿನ ನೀರು. ಹೇಗೋ ಮೊಣಕೈಯಲ್ಲಿ ಜಾಸ್ತಿ ಮಾಡಿಕೊಂಡರೆ ಮುಂದಿನ ಸಾಲಿಗೇ ಯಾರೋ ಕಿರುಚುತ್ತಾರೆ, ಇಲ್ಲವೇ ಜಾಹೀರಾತು ಬಂದು ಎದೆ ಒಡೆಯುತ್ತದೆ. ಗುಬ್ಬಿ ವೀರಣ್ಣನವರ ಜಿಲ್ಲೆಯ ಪಕ್ಕದವರು ನಾವು. ಮೈಕು ಇಲ್ಲದ ಕಾಲದಲ್ಲಿ ಕಂಪನಿ ನಾಟಕದವರು ಹಿಂದಿನ ಸಾಲಿನವರಿಗೂ ದುಃಖ ಕೇಳಿಸುತ್ತಿದ್ದರಂತೆ. ಮೆತ್ತಗಿನ ಭಾವವನ್ನೂ ಗಟ್ಟಿ ದನಿಯಲ್ಲಿ ಹೇಳಬಹುದು ಅಂತ ನಿಮ್ಮ ಓದುವವರಿಗೆ ಯಾರಾದರೂ ಹೇಳಿಕೊಡಿ.

ಹಿನ್ನೆಲೆ ಸಂಗೀತ ಇನ್ನೊಂದು ಕಾಟ. ಊರಿನ ವರ್ಣನೆ ಬಂದರೆ ಕೊಳಲು, ಸಾವು ಬಂದರೆ ಪಿಟೀಲು. ಚೆನ್ನಾಗಿ ಬರೆದ ಗದ್ಯದ ಮೇಲೆ ಇದನ್ನು ಹಾಕುವುದು ಬಿಸಿ ರಾಗಿ ಮುದ್ದೆ ಮೇಲೆ ಸಕ್ಕರೆ ಪಾಕ ಹೊಯ್ದ ಹಾಗೆ. ಅಧ್ಯಾಯದ ಮೊದಲು ನಾಲ್ಕು ಸೆಕೆಂಡ್ ಹಾಕಿ, ಬೇಡ ಅನ್ನುವುದಿಲ್ಲ. ಮಾತಿನ ಕೆಳಗೆ ಮಾತ್ರ ಹರಿಸಬೇಡಿ.

ಗಂಡಸರು ಹೆಂಗಸರ ಪಾತ್ರಕ್ಕೆ ಕೀರಲು ದನಿ ಮಾಡುವುದನ್ನೂ ದಯವಿಟ್ಟು ನಿಲ್ಲಿಸಿ. ನಾವು ಹಾಗೆ ಮಾತಾಡುವುದಿಲ್ಲ. ಒಳ್ಳೆಯ ಓದುಗರು ದನಿ ಬದಲಿಸದೆ, ಬರೀ ನಿಲುಗಡೆಯಲ್ಲಿ, ವೇಗದಲ್ಲಿ ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಸುತ್ತಾರೆ. ಅಂಥ ಒಂದಿಬ್ಬರನ್ನು ನಿಮ್ಮಲ್ಲೇ ಕೇಳಿದ್ದೇನೆ. ಒಬ್ಬರಂತೂ ಅತ್ತೆ ಸೊಸೆ ಜಗಳವನ್ನು ಒಂದು ಚೂರೂ ನಟಿಸದೆ ಓದಿದ್ದರು. ಅತ್ತೆಯ ಮಾತು ಮುಗಿದ ಮೇಲೆ ಅರ್ಧ ಉಸಿರು ನಿಲ್ಲಿಸಿ ಸೊಸೆಯ "ಹೂಂ" ಹೇಳಿದರು. ಆ "ಹೂಂ" ಕೇಳಿ ನಾನು ಸೊಪ್ಪು ಕೆಳಗಿಟ್ಟು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಅವರ ಇನ್ನೊಂದು ಪುಸ್ತಕ ಹುಡುಕೋಣ ಅಂದರೆ ಹೆಸರು ಗೊತ್ತಿಲ್ಲ! ನೋಡಿ, ಮತ್ತೆ ಅಲ್ಲಿಗೇ ಬಂದೆ.

ವೇಗದ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಪುಸ್ತಕಗಳನ್ನು ನಿಮಿಷಕ್ಕೆ ಸುಮಾರು 150 ಪದದ ಲೆಕ್ಕದಲ್ಲಿ ಓದುತ್ತಾರೆ. ಅದೇ ಲೆಕ್ಕ ಕನ್ನಡಕ್ಕೆ ಹಾಕಬೇಡಿ. ನಮ್ಮ ಒಂದೊಂದು ಪದಕ್ಕೂ ಬಾಲ ಉದ್ದ. 'ಹೋಗಬೇಕಾಗಿತ್ತಲ್ಲವೇ' ಅನ್ನುವುದು ನಮಗೆ ಒಂದೇ ಪದ.

ಈಗ ಯಂತ್ರದ ದನಿ. ಕಳೆದ ಕೆಲವು ತಿಂಗಳಿಂದ ಕೆಲವು ಪುಸ್ತಕಗಳನ್ನು ಕಂಪ್ಯೂಟರಿನಿಂದಲೇ ಓದಿಸುತ್ತಿದ್ದೀರಿ. ಹಾಗಂತ ಎಲ್ಲೂ ಹೇಳಿಲ್ಲ, ದರವೂ ಅಷ್ಟೇ ಇದೆ. ನಮಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ಹೆಸರಿನ ಇನಿಷಿಯಲ್ ಬಂದರೆ ಸಾಕು, ಬಣ್ಣ ಬಯಲಾಗುತ್ತದೆ. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದ ಎಚ್. ನರಸಿಂಹಯ್ಯನವರ ಪ್ರಸ್ತಾಪ ಒಂದು ಪುಸ್ತಕದಲ್ಲಿ ಬಂತು. ಆ ದನಿ "ಎಚ್" ಅಂದು ವಾಕ್ಯ ಮುಗಿದ ಹಾಗೆ ನಿಂತಿತು. ಆಮೇಲೆ "ನರಸಿಂಹಯ್ಯನವರು" ಅಂತ ಹೊಸ ಪ್ಯಾರಾ ಶುರು ಮಾಡಿದ ಹಾಗೆ ಹೊರಟಿತು. 'ಕಿ.ಮೀ.' ಅಂತ ಇದ್ದಲ್ಲಿ "ಕಿ", ನಿಲುಗಡೆ, "ಮೀ". ಇದೆಲ್ಲ ಮುಂದೆ ಸರಿಹೋಗಬಹುದು. ವ್ಯಂಗ್ಯ ಸರಿಹೋಗುವುದು ಕಷ್ಟ. "ಆಹಾ, ಎಂಥಾ ಮಗನನ್ನು ಹೆತ್ತೆ ನಾನು" ಅಂತ ತಾಯಿ ಬೈಯುವ ಮಾತನ್ನು ಅದು ಶುಭಾಶಯ ಹೇಳುವ ಹಾಗೆ ಓದಿತು.

ಯಂತ್ರದ ದನಿಯೇ ಬೇಡ ಅನ್ನುತ್ತಿಲ್ಲ. ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿದೆ. ಪೇಪರು, ಮೆಸೇಜು ಎಲ್ಲಾ ಅವರಿಗೆ ಫೋನೇ ಓದಿ ಹೇಳುತ್ತದೆ, ಅದರಿಂದ ಎಷ್ಟೋ ಉಪಕಾರ ಆಗಿದೆ. ಆದರೆ ಕಥೆ ಹಾಕಿಕೊಟ್ಟರೆ ಅವರ ಮೊದಲ ಪ್ರಶ್ನೆ, "ಓದ್ತಿರೋದು ಯಾರಮ್ಮಾ?" ಮನುಷ್ಯರೋ ಮಿಷನ್ನೋ ಅಂತ ತಿಳಿಯುವ ಹಕ್ಕು ಅವರಿಗಿದೆ.

ಆಡಿಯೋ ಪುಸ್ತಕ ಹುಟ್ಟಿದ್ದೇ ಇಂಥವರಿಗಾಗಿ ಅನ್ನುವುದನ್ನು ನೀವು ಮರೆತ ಹಾಗಿದೆ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೂ ಪುಸ್ತಕ ಸಿಗಲಿ ಅಂತ ಬ್ರಿಟನ್ನಿನಲ್ಲಿ 1935ರಲ್ಲಿ ಗ್ರಾಮಫೋನ್ ತಟ್ಟೆಗಳಲ್ಲಿ ಶುರು ಮಾಡಿದರು. ಕಣ್ಣು ಕಾಣದವರಿಗೆ ಪುಸ್ತಕ ತಲುಪಿಸುವ ಮರಾಕೆಶ್ ಒಪ್ಪಂದ 2013ರಲ್ಲಿ ಆಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಇಷ್ಟೆಲ್ಲಾ ಆದರೂ ದೊಡ್ಡಪ್ಪ ನಿಮ್ಮ ಆ್ಯಪ್ ಮೇಲೆ ಬೆರಳಾಡಿಸಿದರೆ ಫೋನು "ಲೇಬಲ್ ಇಲ್ಲದ ಬಟನ್, ಲೇಬಲ್ ಇಲ್ಲದ ಬಟನ್" ಅಂತ ಹೇಳುತ್ತಾ ಹೋಗುತ್ತದೆ. ಯಾವುದು ಪ್ಲೇ, ಯಾವುದು ಮುಂದಿನ ಅಧ್ಯಾಯ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ಇಂಜಿನಿಯರುಗಳಿಗೆ ಇದು ದೊಡ್ಡ ಕೆಲಸವೇನೂ ಅಲ್ಲ. ಮೊದಲು ಇದನ್ನು ಮಾಡಿ.

ದುಡ್ಡಿಲ್ಲ ಅಂತ ನೀವು ಹೇಳಬಹುದು. ಕನ್ನಡದಲ್ಲಿ ಕೇಳುಗರು ಕಡಿಮೆ, ಖರ್ಚು ಹುಟ್ಟುವುದಿಲ್ಲ, ಹೊಸ ಓದುಗರನ್ನು ಹುಡುಕಿ ತಯಾರು ಮಾಡಲು ಎಲ್ಲಿಂದ ತರೋಣ ಅಂತ. ಅದಕ್ಕೂ ಒಂದು ದಾರಿ ಇದೆ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಕೃತಿಯ ಹಕ್ಕು ಮುಗಿಯುತ್ತದೆ. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ. ಟಿ.ಪಿ. ಕೈಲಾಸಂ ಅವರೂ ಅದೇ ವರ್ಷ. ಅವರ ಕಾಲದವರ, ಅವರಿಗಿಂತ ಹಿಂದಿನವರ ಎಷ್ಟೋ ಕಥೆ, ನಾಟಕ, ಕಾದಂಬರಿಗಳಿಗೆ ಈಗ ಯಾರಿಗೂ ರಾಯಲ್ಟಿ ಕೊಡಬೇಕಾಗಿಲ್ಲ. 2005ರಲ್ಲಿ ಶುರುವಾದ ಲಿಬ್ರಿವಾಕ್ಸ್ ಅನ್ನುವ ಜಾಲತಾಣದಲ್ಲಿ ಇಂಥ ಪುಸ್ತಕಗಳನ್ನೇ ಸ್ವಯಂಸೇವಕರು ಓದಿ ಪುಕ್ಕಟೆ ಹಾಕುತ್ತಾರೆ. ನೀವು ಪುಕ್ಕಟೆ ಓದಿಸಬೇಡಿ. ಉಳಿದ ರಾಯಲ್ಟಿ ದುಡ್ಡನ್ನು ಓದುವವರಿಗೆ ಕೊಡಿ. ಹೊಸಬರ ಕೈ ಪಳಗಲು ಹಳೆಯ ಪುಸ್ತಕಗಳಿಗಿಂತ ಒಳ್ಳೆ ಪಾಠ ಇನ್ನೇನಿದೆ?

ಓದುವವರು ಸಿಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಚಿಂತಾಮಣಿ, ಮಧುಗಿರಿ, ಮಾಲೂರಿನಲ್ಲಿ ಪಾಠ ಹೇಳಿ ಹೇಳಿ ದನಿ ಪಳಗಿಸಿಕೊಂಡು ರಿಟೈರ್ ಆದ ಮೇಷ್ಟ್ರು, ಮೇಡಂಗಳು ಎಷ್ಟು ಜನ ಬೇಕು ನಿಮಗೆ? ಹವ್ಯಾಸಿ ನಾಟಕದ ಹುಡುಗ ಹುಡುಗಿಯರಿದ್ದಾರೆ. ಕೈವಾರದ ತಾತಯ್ಯನವರ ಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ತಡವರಿಸದೆ ಹೇಳುವ ಭಜನೆಯವರಿದ್ದಾರೆ. ಬಾಗೇಪಲ್ಲಿಯ ಆ ಅಜ್ಜಿಯ ಮಾತನ್ನು ಇವರಲ್ಲಿ ಯಾರಿಗಾದರೂ ಕೊಡಿ. "ಯಾಡಿಕಿ ಪೋತಾವುರಾ" ಎಲ್ಲಿ ಒಡೆಯಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲರನ್ನೂ ಬೆಂಗಳೂರಿನ ಸ್ಟುಡಿಯೋಗೆ ಕರೆಯುವ ಬದಲು ಜಿಲ್ಲೆಗೆ ಒಂದು ಸಲ ನೀವೇ ಬಂದು ಓದಿಸಿ ನೋಡಿ.

ಹಾಗಾಗಿ ನನ್ನ ಬೇಡಿಕೆಗಳು ಇವು. ಮುಖಪುಟದಲ್ಲಿ ಲೇಖಕರ ಹೆಸರಿನ ಕೆಳಗೇ ಓದಿದವರ ಹೆಸರು ಹಾಕಿ, ಮೊದಲ ಅಧ್ಯಾಯದ ಶುರುವಿನಲ್ಲಿ ಬಾಯಲ್ಲೂ ಹೇಳಿಸಿ. ದೊಡ್ಡಪ್ಪನಂಥವರಿಗೆ ಮುಖಪುಟ ಕಾಣುವುದಿಲ್ಲವಲ್ಲ. ಓದಿದವರ ಹೆಸರಿನಿಂದ ಪುಸ್ತಕ ಹುಡುಕಲು ಬರುವ ಹಾಗೆ ಮಾಡಿ. ಯಂತ್ರ ಓದಿದ್ದರೆ ಯಂತ್ರ ಅಂತ ಬರೆಯಿರಿ, ದರ ಕಡಿಮೆ ಮಾಡಿ. ಸ್ಯಾಂಪಲ್ ಅಂತ ಮೊದಲ ಎರಡು ನಿಮಿಷ ಕೊಡುತ್ತೀರಿ, ಅದರಲ್ಲಿ ಮುನ್ನುಡಿಯೇ ಮುಗಿದಿರುವುದಿಲ್ಲ. ಪುಸ್ತಕದ ನಡುವಿನಿಂದ, ಪಾತ್ರಗಳು ಮಾತಾಡುವ ಜಾಗ ಒಂದನ್ನು ಕೇಳಿಸಿ. ಒಂದು ಸೀಮೆಯ ಮಾತಿರುವ ಪುಸ್ತಕವನ್ನು ಆ ಸೀಮೆಯವರಿಂದಲೇ ಓದಿಸಿ. ಆಗದಿದ್ದರೆ ರೆಕಾರ್ಡಿಂಗಿಗೆ ಮೊದಲು ಅಲ್ಲಿಯವರೊಬ್ಬರಿಗೆ ಕೇಳಿಸಿ ತಿದ್ದಿಸಿಕೊಳ್ಳಿ, ಅವರಿಗೂ ಸಂಭಾವನೆ ಕೊಡಿ. ಹಳ್ಳಿಯಲ್ಲಿ ನೆಟ್‌ವರ್ಕ್ ಹೇಗೆ ಅಂತ ನಿಮಗೂ ಗೊತ್ತು. ಬರೀ ಮಾತಿಗೆ 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಗುಣಮಟ್ಟದ ಫೈಲು ಧಾರಾಳ ಸಾಕು, ಗಂಟೆಗೆ ಹತ್ತಿರ ಹತ್ತಿರ 29 ಎಂಬಿ ಆಗುತ್ತದೆ. ಡೌನ್‌ಲೋಡಿಗೆ ಅಂಥದ್ದೊಂದು ಆಯ್ಕೆ ಇಡಿ.

ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಪುಸ್ತಕ ನಿಮ್ಮ ಕೈಯಲ್ಲಿದ್ದು ಉಚ್ಚಾರಣೆಯ ಅನುಮಾನ ಬಂದರೆ ನನಗೇ ಕಳಿಸಿ. ನನ್ನ ನಂಬರ್ ನಿಮ್ಮ ಚಂದಾದಾರರ ಪಟ್ಟಿಯಲ್ಲೇ ಇದೆ, ರಿನ್ಯೂವಲ್ ಮೆಸೇಜು ತಪ್ಪದೆ ಬರುತ್ತಿದೆ. ವರ್ಷದ ಚಂದಾ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ಆ ಅತ್ತೆ ಸೊಸೆ ಜಗಳ ಓದಿದವರ ಹೆಸರನ್ನಾದರೂ ತಿಳಿಸಿದರೆ ಮತ್ತೆ ಕಟ್ಟುತ್ತೇನೆ.

ಇತಿ,
ನಿಮ್ಮ ಚಂದಾದಾರಳು
ಶಿಡ್ಲಘಟ್ಟ ತಾಲೂಕು, ಚಿಕ್ಕಬಳ್ಳಾಪುರ ಜಿಲ್ಲೆ